ಹಿಮದಡಿ ಒಂದು ಹಾಳೆ

ಕೋರ್ಟ್ ಸಿನಿಮಾ ಅಂದರೆ ವಕೀಲರು ಮೇಜು ಗುದ್ದಬೇಕು, ಕೊನೆಯ ಸಾಕ್ಷಿ ಬಾಗಿಲು ತಳ್ಳಿಕೊಂಡು ಒಳಗೆ ಓಡಿ ಬರಬೇಕು. ಇದನ್ನೇ ನಿರೀಕ್ಷಿಸುವ ಗೆಳೆಯರಿಗೆ ‘ಸ್ನೋ ಫಾಲಿಂಗ್ ಆನ್ ಸೀಡರ್ಸ್’ ತೋರಿಸಿದರೆ ಅರ್ಧ ಗಂಟೆಯಲ್ಲೇ ಎದ್ದು ಹೋದಾರು. 1999ರಲ್ಲಿ ಬಂದ, ಸ್ಕಾಟ್ ಹಿಕ್ಸ್ ನಿರ್ದೇಶನದ ಈ ಚಿತ್ರದಲ್ಲಿ ಕೋರ್ಟಿನ ಕಿಟಕಿಯಾಚೆ ಒಂದೇ ಸಮನೆ ಹಿಮ ಸುರಿಯುತ್ತಿರುತ್ತದೆ. ಆರೋಪಿಯ ಪರ ವಾದಿಸುವ ಮುದಿ ವಕೀಲ ಮೆಲುದನಿಯಲ್ಲಿ ಮಾತಾಡುತ್ತಾನೆ. ಆದರೂ ನನ್ನನ್ನು ಇಷ್ಟು ಕಾಡಿದ ಕೋರ್ಟ್ ಸಿನಿಮಾ ಇನ್ನೊಂದಿಲ್ಲ.

ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಕಾಲ್ಪನಿಕ ದ್ವೀಪದಲ್ಲಿ ಮೀನುಗಾರನೊಬ್ಬ ಬಲೆಯಲ್ಲಿ ಸಿಕ್ಕಿ ಹೆಣವಾಗುತ್ತಾನೆ. ಕೊಲೆಯ ಆರೋಪ ಬರುವುದು ಜಪಾನಿ ಮೂಲದ ಕಜುವೊ ಮೇಲೆ. ಅವನು ಅಮೆರಿಕದ ಸೈನ್ಯದಲ್ಲೇ ಯುದ್ಧ ಮಾಡಿ ಬಂದವನು. ಎರಡೂ ಮನೆಗಳ ನಡುವೆ ಸ್ಟ್ರಾಬೆರಿ ತೋಟದ ಹಳೆಯ ತಕರಾರಿದೆ. ಕಜುವೊನ ಅಪ್ಪ ಕಂತು ಕಟ್ಟಿ ಆ ಜಮೀನು ಕೊಳ್ಳುತ್ತಿದ್ದ. ಕೊನೆಯ ಕಂತುಗಳು ಬಾಕಿ ಇರುವಾಗಲೇ ಸರ್ಕಾರ ಅವರನ್ನು ಶಿಬಿರಕ್ಕೆ ಸಾಗಿಸಿತು. ತೋಟ ಬೇರೆಯವರ ಪಾಲಾಯಿತು.

ಶಿಬಿರದ ಕಥೆ ಕಟ್ಟುಕಥೆಯಲ್ಲ. ಪರ್ಲ್ ಹಾರ್ಬರ್ ದಾಳಿಯ ನಂತರ, 1942ರ ಫೆಬ್ರುವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದಿಂದ ಸುಮಾರು 1.2 ಲಕ್ಷ ಜಪಾನಿ ಮೂಲದವರು ಮನೆಮಠ ಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಸರ್ಕಾರ ಕಾನೂನು ಮಾಡಿ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡಲು ಒಪ್ಪಿದ್ದು 1988ರಲ್ಲಿ. ಅಷ್ಟರಲ್ಲಿ ಅಪ್ಪ ಅಮ್ಮಂದಿರ ತಲೆಮಾರಿನ ಎಷ್ಟೋ ಜನ ತೀರಿಹೋಗಿದ್ದರು.

ಇದು ಬರೀ ಚಂದದ ಫೋಟೊ ಆಲ್ಬಂ, ಕಥೆ ಮುಂದಕ್ಕೇ ಹೋಗುವುದಿಲ್ಲ ಎಂಬ ದೂರು ಈ ಚಿತ್ರದ ಮೇಲಿದೆ. ರಾಬರ್ಟ್ ರಿಚರ್ಡ್‌ಸನ್ ಅವರ ಛಾಯಾಗ್ರಹಣ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. ಆದರೆ ಇಲ್ಲಿ ಚಂದ ಅಲಂಕಾರಕ್ಕಲ್ಲ ಎಂಬುದು ನನ್ನ ಅನಿಸಿಕೆ. ಹಿಮ ಎಲ್ಲವನ್ನೂ ಒಂದೇ ಬಿಳುಪಿನಲ್ಲಿ ಮುಚ್ಚುತ್ತದೆ. ಊರಿನವರು ಮಾಡಿದ್ದೂ ಅದನ್ನೇ. ಜಪಾನಿ ಕುಟುಂಬಗಳನ್ನು ಸಾಗಿಸುವ ದೃಶ್ಯದಲ್ಲಿ ಮಾತೇ ಇಲ್ಲವೆನ್ನಬಹುದು. ಕೋಟಿಗೆ ಚೀಟಿ ಕಟ್ಟಿಸಿಕೊಂಡು, ಗಂಟುಮೂಟೆ ಹಿಡಿದು ಜನ ನಡೆಯುತ್ತಾರೆ. ಆ ದೃಶ್ಯಕ್ಕೆ ಯಾವ ಸಂಭಾಷಣೆ ಬರೆದಿದ್ದರೂ ಕಡಿಮೆಯೇ ಆಗುತ್ತಿತ್ತು.

ಒಂದು ಕೊರತೆಯನ್ನೂ ಹೇಳಬೇಕು. ಅನ್ಯಾಯ ಆದದ್ದು ಕಜುವೊಗೆ. ಆದರೆ ಕ್ಯಾಮೆರಾ ಹೆಚ್ಚಾಗಿ ಸುತ್ತುವುದು ಬಿಳಿಯ ಪತ್ರಕರ್ತ ಇಷ್ಮಾಯಿಲ್ ಸುತ್ತ. ಕಜುವೊ ಇನ್ನಷ್ಟು ಮಾತಾಡಬೇಕಿತ್ತು.

ಹಾಗಿದ್ದೂ ನನ್ನನ್ನು ಹಿಡಿದಿಟ್ಟವನು ಇಷ್ಮಾಯಿಲ್. ಯುದ್ಧದಲ್ಲಿ ತೋಳು ಕಳೆದುಕೊಂಡವನು, ಕಜುವೊನ ಹೆಂಡತಿ ಹತ್ಸುವೆಯನ್ನು ಹಿಂದೊಮ್ಮೆ ಪ್ರೀತಿಸಿ ಬೇಡವೆನಿಸಿಕೊಂಡವನು. ಸಾವಿನ ರಾತ್ರಿ ಆ ದಾರಿಯಲ್ಲಿ ದೊಡ್ಡ ಹಡಗೊಂದು ಹಾದುಹೋದ ದಾಖಲೆ ಅವನಿಗೆ ದೀಪಸ್ತಂಭದಲ್ಲಿ ಸಿಗುತ್ತದೆ. ಒಬ್ಬನ ಜೀವ ಉಳಿಸಬಲ್ಲ ಹಾಳೆ. ಅವನು ಅದನ್ನು ಜೇಬಿಗಿಳಿಸಿ ಸುಮ್ಮನಾಗುತ್ತಾನೆ. ಅದೇ ಊರಿನಲ್ಲಿ ಅವನ ಅಪ್ಪ ಜಾಹೀರಾತು, ಚಂದಾದಾರರನ್ನು ಕಳೆದುಕೊಂಡರೂ ಜಪಾನಿ ನೆರೆಹೊರೆಯವರ ಪರ ತನ್ನ ಪುಟ್ಟ ಪತ್ರಿಕೆಯಲ್ಲಿ ಬರೆದಿದ್ದ.

ಹಾಳೆ ಕೋರ್ಟಿಗೆ ತಲುಪುತ್ತದೋ ಇಲ್ಲವೋ ನೀವೇ ನೋಡಿ. ನನಗೆ ಬೇಸರ ತಂದದ್ದು ಆ ನಡುವಿನ ಮೌನ. ಇಷ್ಮಾಯಿಲ್ ಸುಳ್ಳು ಹೇಳಲಿಲ್ಲ, ಯಾರ ಮೇಲೂ ಕೈ ಮಾಡಲಿಲ್ಲ. ತನ್ನ ನೋವನ್ನು ನೆಪ ಮಾಡಿಕೊಂಡು ತಡ ಮಾಡಿದ, ಅಷ್ಟೆ. ನಮ್ಮಲ್ಲಿ ಕೆಲವರು ನಾಳೆ ವಕೀಲರು, ವರದಿಗಾರರು, ಕಚೇರಿಯಲ್ಲಿ ಕಡತ ನೋಡಿಕೊಳ್ಳುವ ಗುಮಾಸ್ತರು ಆಗುತ್ತೇವೆ. ನಮಗಾಗದವನಿಗೆ ನ್ಯಾಯ ಕೊಡಿಸುವ ಕಾಗದ ನಮ್ಮ ಮೇಜಿಗೇ ಬರಬಹುದು. ಅದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೇವೆ?