ಚಂಡಮಾರುತಕ್ಕೆ ಕೊಟ್ಟ ಅಂಕ

2017ರ ಆಗಸ್ಟಿನಲ್ಲಿ ಹಾರ್ವೆ ಎಂಬ ಹರಿಕೇನ್ ಅಮೆರಿಕದ ಟೆಕ್ಸಾಸ್ ಕರಾವಳಿಯತ್ತ ಬರುತ್ತಿದ್ದಾಗ ನಾನು ಹ್ಯೂಸ್ಟನ್ನಿನಲ್ಲಿ ಮಗಳ ಮನೆಯಲ್ಲಿದ್ದೆ. ಅಂಗಡಿಗಳಲ್ಲಿ ನೀರಿನ ಬಾಟಲಿಗಳು ಬರಿದಾಗಿದ್ದವು. ಮಗಳು ಸ್ನಾನದ ತೊಟ್ಟಿಯಲ್ಲಿ ನೀರು ತುಂಬಿಸಿದಳು; ವಿದ್ಯುತ್ ಹೋದರೂ ನಡೆಯಲೆಂದು ನಾನು ಅವಲಕ್ಕಿ, ಚಟ್ನಿಪುಡಿ ತೆಗೆದಿರಿಸಿದೆ. ನೆರೆಹೊರೆಯವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದು ಎಷ್ಟನೆಯ ದರ್ಜೆಯದು?

ಆಗಸ್ಟ್ 25ರ ರಾತ್ರಿ ಅದು ನಾಲ್ಕನೆಯ ದರ್ಜೆಯಲ್ಲಿ ರಾಕ್‌ಪೋರ್ಟ್ ಬಳಿ ದಡ ಮುಟ್ಟಿತು. ಮರುದಿನವೇ ಬಲಗುಂದಿ, ಹರಿಕೇನ್ ಎಂಬ ಹೆಸರನ್ನೂ ಕಳೆದುಕೊಂಡಿತು. ಹ್ಯೂಸ್ಟನ್ ಮುಳುಗಿದ್ದು ಅದಾದ ಮೇಲೆ! ಆ ಪ್ರದೇಶದ ಹಲವೆಡೆ ಕೆಲವೇ ದಿನಗಳಲ್ಲಿ 1,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ನಮ್ಮ ಬೀದಿಯ ವೃದ್ಧ ದಂಪತಿಗಳನ್ನು ದೋಣಿಯಲ್ಲಿ ಕರೆದೊಯ್ದರು.

ದರ್ಜೆಯು ಅಳೆಯುವುದು ಗಾಳಿಯ ವೇಗವನ್ನು ಮಾತ್ರ. ಮಳೆಯನ್ನಾಗಲಿ, ಉಕ್ಕಿಬರುವ ಕಡಲನ್ನಾಗಲಿ ಅಲ್ಲ. ಹೆಚ್ಚು ಜೀವಗಳನ್ನು ಒಯ್ಯುವುದಾದರೋ ನೀರು. ಗಣಿತದ ಅಂಕವೊಂದರಿಂದಲೇ ಮಗುವಿನ ಯೋಗ್ಯತೆಯನ್ನು ನಿರ್ಧರಿಸಲಾಗದೆಂಬುದು ಉತ್ತರಪತ್ರಿಕೆ ತಿದ್ದಿದವರಿಗೆಲ್ಲ ಗೊತ್ತು. ಚಂಡಮಾರುತಕ್ಕೂ ಈ ಮಾತು ಸಲ್ಲುತ್ತದೆ.

ಕಡಲ ತೀರದ ನಗರಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳೇ, ದರ್ಜೆ ಇಳಿಯಿತೆಂದು ಮೈಮರೆಯದಿರಿ. ನಿಮ್ಮ ಮನೆ ಎಷ್ಟು ಎತ್ತರದಲ್ಲಿದೆ, ನೀರು ಯಾವ ಕಡೆಯಿಂದ ನುಗ್ಗೀತು, ಹಿರಿಯರನ್ನು ಮೇಲಕ್ಕೆ ಸಾಗಿಸುವವರು ಯಾರು? ಮೊದಲು ಇವನ್ನು ಕೇಳಿಕೊಳ್ಳಿ.