ಗೀಸರ್: ದುರಸ್ತಿಯೋ, ಬದಲಾವಣೆಯೋ?

ಕಾರ್ಖಾನೆಯ ಯಂತ್ರವೊಂದನ್ನು ಬದಲಾಯಿಸುವ ಮುನ್ನ ದುರಸ್ತಿ ವೆಚ್ಚ, ಉತ್ಪಾದನೆಯ ನಷ್ಟ ಹಾಗೂ ಹೊಸ ಯಂತ್ರದ ಬೆಲೆಯನ್ನು ಉದ್ಯಮಿಗಳು ತೂಗಿ ನೋಡುತ್ತಾರೆ. ಅವರದೇ ಮನೆಯ ಸ್ನಾನಗೃಹದ ಗೀಸರಿನ ವಿಷಯದಲ್ಲಿ ಮಾತ್ರ ಈ ಲೆಕ್ಕಾಚಾರ ನಡೆಯುವುದಿಲ್ಲ. ಕಾಯಿಲ್ ಸುಟ್ಟೊಡನೆ ಇಡೀ ಗೀಸರನ್ನು ಗುಜರಿಗೆ ಹಾಕುವವರಿದ್ದಾರೆ. ಟ್ಯಾಂಕ್ ಸೋರುತ್ತಿದ್ದರೂ ಕೆಳಗೆ ಬಕೆಟ್ ಇಟ್ಟು ವರ್ಷ ದೂಡುವವರೂ ಇದ್ದಾರೆ. ಎರಡೂ ನಷ್ಟದ ದಾರಿಗಳೇ. ಎರಡನೆಯದರಲ್ಲಿ ಜೀವಾಪಾಯವೂ ಉಂಟು.

ಲೆಕ್ಕಶಾಸ್ತ್ರದಲ್ಲಿ ರಾಜಸ್ವ ವೆಚ್ಚ ಮತ್ತು ಬಂಡವಾಳ ವೆಚ್ಚ ಎಂಬ ಭೇದವಿದೆ. ಇಲ್ಲಿಯೂ ಅದೇ ಸಾಕು. ಕಾಯಿಲ್, ಥರ್ಮೋಸ್ಟಾಟ್, ವಾಶರ್ ಮುಂತಾದವು ಸವೆದಾಗ ಬದಲಾಯಿಸಲೆಂದೇ ಇರುವ ಬಿಡಿಭಾಗಗಳು. ಕೋಲಾರ, ತುಮಕೂರು ಕಡೆಯ ಕೊಳವೆ ಬಾವಿಯ ಗಡಸು ನೀರಿನಲ್ಲಿ ಕಾಯಿಲಿನ ಮೇಲೆ ಸುಣ್ಣ ಕಟ್ಟುವುದು ಸಾಮಾನ್ಯ. ಸುಣ್ಣ ಕಟ್ಟಿದ ಕಾಯಿಲ್ ವಿಪರೀತ ವಿದ್ಯುತ್ ನುಂಗುತ್ತದೆಂದು ಹೆದರಿಸಿ ಹೊಸ ಗೀಸರ್ ಮಾರುವುದುಂಟು. ಇದು ಅಷ್ಟು ಸರಿಯಲ್ಲ. ನೀರಿನಲ್ಲಿ ಮುಳುಗಿರುವ ಕಾಯಿಲಿನ ಶಾಖವು ಕೊನೆಗೆ ನೀರಿಗೇ ಸೇರಬೇಕು. ಹಾಳಾಗುವುದು ಅತಿಯಾಗಿ ಕಾದ ಕಾಯಿಲ್ ಮಾತ್ರ.

ಟ್ಯಾಂಕಿನ ಮಾತು ಬೇರೆ. ನೀರು ಪೈಪಿನ ಜೋಡಣೆಯಿಂದ ಬರುತ್ತಿದೆಯೋ, ಟ್ಯಾಂಕಿನ ಒಡಲಿನಿಂದಲೇ ಬರುತ್ತಿದೆಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಒಡಲಿನಿಂದ ತುಕ್ಕಿನ ನೀರು ಬರುತ್ತಿದ್ದರೆ ಅದರ ಆಯುಸ್ಸು ಮುಗಿಯಿತು. ಹಿಂದಿನವರ ತಾಮ್ರದ ಹಂಡೆಗೆ ಬೆಸುಗೆ ಹಾಕಿಸಬಹುದಿತ್ತು. ಒಳಗೆ ಗಾಜಿನ ಲೇಪವಿರುವ ಉಕ್ಕಿನ ಟ್ಯಾಂಕಿಗೆ ಅದು ಸಲ್ಲದು. ಸೋರುವ ನೀರು ವಿದ್ಯುತ್ ತಂತಿಯನ್ನು ತಲುಪಿದರೆ, ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಒಂದು ಸ್ನಾನವೇ ಪ್ರಾಣಕ್ಕೆ ಎರವಾಗಬಹುದು. 'ಕಳೆದ ವರ್ಷವಷ್ಟೇ ಎರಡು ಸಾವಿರ ಸುರಿದಿದ್ದೇವೆ' ಎಂಬ ಸಮಾಧಾನಕ್ಕೆ ಆಗ ಅರ್ಥವಿಲ್ಲ. ಆ ಹಣ ಹೋದದ್ದು ಹೋಯಿತು. ಆದರೆ ನೀರು ಕಾಯುವಾಗ ಸುರಕ್ಷತಾ ವಾಲ್ವಿನಿಂದ ನಾಲ್ಕು ಹನಿ ಉದುರುವುದು ದೋಷವಲ್ಲ. ಅದಕ್ಕೆ ಬಿರಡೆ ಹಾಕಿಸುವುದು ಅಪಾಯಕ್ಕೆ ಆಹ್ವಾನ.

ನಕ್ಷತ್ರಗಳ ಆಕರ್ಷಣೆಯನ್ನೂ ಪರಿಶೀಲಿಸಬೇಕು. 25 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 1.16 ಯೂನಿಟ್ ವಿದ್ಯುತ್ ಬೇಕೇ ಬೇಕು, ನಕ್ಷತ್ರ ಒಂದಿರಲಿ, ಐದಿರಲಿ. ನಕ್ಷತ್ರದ ಲೆಕ್ಕವಿರುವುದು ಕಾದ ನೀರು ಟ್ಯಾಂಕಿನಲ್ಲಿ ನಿಂತಾಗ ಸೋರಿಹೋಗುವ ಶಾಖಕ್ಕೆ. ದಿನವಿಡೀ ಸ್ವಿಚ್ ಹಾಕಿರುವ ವಸತಿಗೃಹಕ್ಕೆ ಅದರಿಂದ ನಿಜವಾದ ಉಳಿತಾಯವುಂಟು. ಬೆಳಿಗ್ಗೆ ಅರ್ಧ ಗಂಟೆ ಬಳಸುವ ಕುಟುಂಬವು ಚೆನ್ನಾಗಿರುವ ಗೀಸರನ್ನು ಕೇವಲ ಇದಕ್ಕಾಗಿ ತೆಗೆದುಹಾಕಿದರೆ ಹಾಕಿದ ಬಂಡವಾಳ ಹಿಂದಿರುಗುವುದು ಕಷ್ಟ.

ವಯಸ್ಸೊಂದನ್ನೇ ನೋಡುವುದೂ ತಪ್ಪು. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗಿರುವ ಶೇ. 15ರ ಸವಕಳಿಯು ಯಂತ್ರದ ನಿಜವಾದ ಆಯುಸ್ಸನ್ನು ಹೇಳದು. ಗೀಸರಿನ ವಾರಂಟಿ ಕಾರ್ಡೂ ಹಾಗೆಯೇ. ಟ್ಯಾಂಕಿನ ಆಯುಸ್ಸನ್ನು ಬಹುಮಟ್ಟಿಗೆ ನಿರ್ಧರಿಸುವುದು ಒಳಗಿರುವ ಮೆಗ್ನೀಷಿಯಂ ಆನೋಡ್ ಸರಳು. ಟ್ಯಾಂಕಿಗೆ ಬದಲಾಗಿ ತಾನೇ ಸವೆಯುವ ಈ ಸರಳು ಪೂರ್ತಿ ಕರಗಿದ ಮೇಲೆ ತುಕ್ಕು ಟ್ಯಾಂಕನ್ನು ಹಿಡಿಯುತ್ತದೆ. ಕಾಯಿಲ್ ಬದಲಾಯಿಸಲು ಬಂದ ಮೆಕ್ಯಾನಿಕ್‌ನಿಂದ ಅದನ್ನೂ ಹೊರತೆಗೆಸಿ ಕಣ್ಣಾರೆ ನೋಡಿದರೆ, ಮುಂದಿನ ದುರಸ್ತಿಗೆ ಹಣ ಹಾಕಬೇಕೇ ಬೇಡವೇ ಎಂಬುದು ಅಲ್ಲಿಯೇ ತಿಳಿಯುತ್ತದೆ.