ಗಾಡಿಯ ಕೀ ಕೊಟ್ಟವರು ಕೈ ತೊಳೆದುಕೊಳ್ಳಬಹುದೇ?

ಅಪಘಾತವೊಂದು ನಡೆದ ಮರುದಿನ ನಮ್ಮ ಮೊಹಲ್ಲಾಗಳಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಒಂದು, ‘ಎಲ್ಲವೂ ಅಲ್ಲಾಹನ ವಿಧಿ, ಯಾರೇನು ಮಾಡಲಾದೀತು?’ ಇನ್ನೊಂದು, ‘ಗಾಡಿ ನಮ್ಮದಾದರೇನು, ಓಡಿಸಿದವನು ಅವನಲ್ಲವೇ?’ ಮೊದಲನೆಯ ಮಾತನ್ನು ಪೆಟ್ಟು ತಿಂದವನ ಮನೆಯವರು ಆಡಿದರೆ ಅದು ಸಹನೆ. ಪೆಟ್ಟು ಕೊಟ್ಟ ಗಾಡಿಯ ಮಾಲೀಕ ಆಡಿದರೆ ಅದು ನುಣುಚಿಕೊಳ್ಳುವ ದಾರಿ. ಎರಡನೆಯ ಮಾತಿಗಂತೂ ಧರ್ಮದ ಆಧಾರವನ್ನೇ ಮುಂದಿಡುವವರಿದ್ದಾರೆ. ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬನು ಹೊರಬೇಕಿಲ್ಲವೆಂದು ಕುರ್‌ಆನ್ ಸಾರಿದೆಯಲ್ಲ ಎನ್ನುತ್ತಾರೆ.

ಸಾರಿದೆ, ಹಲವು ಕಡೆ ಸಾರಿದೆ. ಆದರೆ ಪರವಾನಗಿಯಿಲ್ಲದ ಹುಡುಗನಿಗೆ ಗಾಡಿ ಒಪ್ಪಿಸಿದ್ದು ಆ ಹುಡುಗನ ಕೃತ್ಯವೇ? ಅದು ಒಪ್ಪಿಸಿದವನ ಕೃತ್ಯ. ಅವನಿಂದ ಕೇಳಲಾಗುತ್ತಿರುವುದು ಅವನದೇ ಹೊರೆಯ ಲೆಕ್ಕ.

ಈ ಪ್ರಶ್ನೆ ಮೋಟಾರು ಬಂದ ಮೇಲೆ ಹುಟ್ಟಿದ್ದಲ್ಲ. ಬರಾಅ್ ಬಿನ್ ಆಝಿಬ್(ರ)ರ ಒಂಟೆಯೊಂದು ಯಾರದೋ ತೋಟಕ್ಕೆ ನುಗ್ಗಿ ಹಾಳುಗೆಡವಿದಾಗ ಪ್ರವಾದಿ(ಸ)ರವರು ನೀಡಿದ ತೀರ್ಪು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಹಗಲಿನಲ್ಲಿ ತೋಟ ಕಾಯುವುದು ತೋಟದವರ ಕೆಲಸ. ಇರುಳಿನಲ್ಲಿ ಜಾನುವಾರು ಮಾಡಿದ ಹಾನಿಗೆ ಅದರ ಒಡೆಯನೇ ಹೊಣೆ. ತೋಟಕ್ಕೆ ನುಗ್ಗಿದ್ದು ಒಡೆಯನಲ್ಲ. ಅವನು ಆಗ ಮನೆಯಲ್ಲಿ ಮಲಗಿದ್ದಿರಲೂಬಹುದು. ಆದರೆ ಕಟ್ಟಿಹಾಕಬೇಕಾದ ಹೊತ್ತಿನಲ್ಲಿ ಕಟ್ಟಿಹಾಕಲಿಲ್ಲ. ಇರುಳು ಹೊಲ ಮೇಯ್ದ ಕುರಿಗಳ ವ್ಯಾಜ್ಯ ದಾವೂದ್ ಮತ್ತು ಸುಲೈಮಾನ್(ಅ)ರ ಮುಂದೆ ಬಂದುದನ್ನು ಅಲ್ ಅಂಬಿಯಾ ಅಧ್ಯಾಯದಲ್ಲಿ ಓದಿದವರಿಗೆ ಇದು ಅಪರಿಚಿತವಲ್ಲ.

ಒಂಟೆಗೆ ಬುದ್ಧಿಯಿಲ್ಲ, ಚಾಲಕನಿಗಿದೆ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವಾದ ಆಕ್ಷೇಪವೇ. ಕೃತ್ಯವನ್ನು ನೇರವಾಗಿ ಎಸಗಿದ ‘ಮುಬಾಶಿರ್’ ಮತ್ತು ಅದಕ್ಕೆ ಕಾರಣನಾದ ‘ಮುತಸಬ್ಬಿಬ್’ ಎಂದು ನಮ್ಮ ಕರ್ಮಶಾಸ್ತ್ರಜ್ಞರು ಇಬ್ಬರನ್ನು ಬೇರ್ಪಡಿಸಿ, ಸಾಮಾನ್ಯವಾಗಿ ಹೊಣೆಯನ್ನು ಮೊದಲನೆಯವನ ಮೇಲಿರಿಸಿದರು. ಉಸ್ಮಾನಿಯರ ಮಜಲ್ಲಾ ಸಂಹಿತೆಯಲ್ಲೂ ಈ ಸೂತ್ರವಿದೆ. ಪ್ರೌಢನೂ ಪರವಾನಗಿಯುಳ್ಳವನೂ ಆದ ಗೆಳೆಯನಿಗೆ ಸುಸ್ಥಿತಿಯ ಕಾರು ಕೊಟ್ಟವನು ಅವನ ಅಜಾಗರೂಕತೆಯ ಪಾಪದಲ್ಲಿ ಪಾಲುದಾರನೆಂದು ನಾವೂ ಹೇಳುವುದಿಲ್ಲ. ಆದರೆ ಕಾರಣನಾದವನೇ ಮಿತಿ ಮೀರಿದ್ದರೆ ಅವನು ಪಾರಾಗಲಾರನೆಂಬುದೂ ಅದೇ ಶಾಸ್ತ್ರದ ಮಾತು. ಹದಿನೈದರ ಹುಡುಗ ಹಬ್ಬದ ರಾತ್ರಿ ಇಬ್ಬರನ್ನು ಹಿಂದೆ ಕೂರಿಸಿಕೊಂಡು ಬೈಕ್ ಹಾರಿಸುತ್ತಾನೆಂದು ಗೊತ್ತಿದ್ದೂ ಕೀ ಕೊಡುವುದು ಮಿತಿ ಮೀರುವುದಲ್ಲದೆ ಮತ್ತೇನು? ಬುದ್ಧಿ ಬಲಿಯದವರ ಕೈಗೆ ಸಂಪತ್ತನ್ನು ಒಪ್ಪಿಸಬಾರದೆಂದು ಅನ್ನಿಸಾ ಅಧ್ಯಾಯ ತಾಕೀತು ಮಾಡುತ್ತದೆ. ಹಣವನ್ನೇ ಕೊಡಬಾರದವನ ಕೈಗೆ ದಾರಿಹೋಕರ ಪ್ರಾಣವನ್ನು ಕೊಡಬಹುದೇ?

ದೇಶದ ಕಾನೂನು ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿದೆ. 1988ರ ಮೋಟಾರು ವಾಹನ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿಯಿಲ್ಲದವನಿಗೆ ಗಾಡಿ ಓಡಿಸಗೊಡುವುದೇ ಮಾಲೀಕನ ತಪ್ಪು. 2019ರ ತಿದ್ದುಪಡಿ ಸೇರಿಸಿದ 199ಎ ಕಲಂ ಅಪ್ರಾಪ್ತನು ಎಸಗಿದ ಅಪರಾಧಕ್ಕೆ ಪೋಷಕನನ್ನು ಅಥವಾ ಮಾಲೀಕನನ್ನು ತಪ್ಪಿತಸ್ಥನೆಂದು ಪರಿಗಣಿಸುತ್ತದೆ: 3 ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, 12 ತಿಂಗಳು ನೋಂದಣಿ ರದ್ದು, ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ‘ಕೀ ಮೊಳೆಗೆ ನೇತುಹಾಕಿತ್ತು, ಅವನೇ ಎತ್ತಿಕೊಂಡು ಹೋದ’ ಎಂಬುದನ್ನು ಸಾಬೀತುಪಡಿಸಬೇಕಾದವರು ಮಾಲೀಕರೇ.

ಪರಿಹಾರದ ವಿಷಯ ಬೇರೆ. ಅಲ್ಲಿ ಓಡಿಸಿದವನೊಂದಿಗೆ ಮಾಲೀಕನೂ ಕಟಕಟೆಯಲ್ಲಿರುತ್ತಾನೆ. ಚಾಲಕನಿಗೆ ಲೈಸೆನ್ಸ್ ಇಲ್ಲವೆಂದು ತಿಳಿದೂ ಗಾಡಿ ಕೊಟ್ಟದ್ದು ರುಜುವಾತಾದರೆ, ವಿಮಾ ಕಂಪೆನಿ ಗಾಯಾಳುವಿಗೆ ಹಣ ಪಾವತಿಸಿ ಬಳಿಕ ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಮಂಡಳಿ ಆದೇಶಿಸಬಹುದು. ಗಾಡಿ ಮಾರಿ ಆರ್‌ಸಿ ವರ್ಗಾಯಿಸದವರೂ ನಿಶ್ಚಿಂತರಾಗಿರಬೇಕಿಲ್ಲ. ದಾಖಲೆಯಲ್ಲಿ ಹೆಸರಿರುವವನೇ ಮಾಲೀಕನೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಗಲ್ಫಿನಲ್ಲಿ ದುಡಿಯುವ ಅಣ್ಣನ ಹೆಸರಿನ ಕಾರನ್ನು ಊರಿನಲ್ಲಿ ಕಂಡಕಂಡವರೆಲ್ಲ ಓಡಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ!

ವಿಮೆ ಹರಾಮೆಂದು ಥರ್ಡ್ ಪಾರ್ಟಿ ಪಾಲಿಸಿಯನ್ನೂ ನವೀಕರಿಸದವರಿದ್ದಾರೆ. ವಿಮೆಯ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇರುವುದು ನಿಜ. ಕಾನೂನು ಕಡ್ಡಾಯಗೊಳಿಸಿದಷ್ಟನ್ನು ಅನಿವಾರ್ಯವೆಂದು ಅನುಮತಿಸಿದವರು ಅನೇಕರು. ಅನುಮತಿಸದವರು ಕೂಡ ಗಾಯಾಳುವಿನ ಹಕ್ಕನ್ನು ಮುಳುಗಿಸಿರೆಂದು ಫತ್ವಾ ಕೊಟ್ಟಿಲ್ಲ. ಪ್ರೀಮಿಯಂ ಕಟ್ಟುವಾಗ ನೆನಪಾಗುವ ತಕ್ವಾ ಪರಿಹಾರ ಕೊಡುವಾಗ ಎಲ್ಲಿ ಹೋಗುತ್ತದೆ?

ಎಲ್ಲಕ್ಕಿಂತ ಅಸಹ್ಯವಾದುದು ಠಾಣೆಯಲ್ಲಿ ಚಾಲಕನನ್ನೇ ಬದಲಿಸುವ ಏರ್ಪಾಡು. ಹುಡುಗನ ಬದಲು ಲೈಸೆನ್ಸ್ ಇರುವ ಚಿಕ್ಕಪ್ಪ ಓಡಿಸುತ್ತಿದ್ದರೆಂದು ಬರೆಸಲು ಮನೆಮಂದಿಯೆಲ್ಲ ಒಂದಾಗುತ್ತಾರೆ. ಸುಳ್ಳು ಸಾಕ್ಷ್ಯವನ್ನು ಪ್ರವಾದಿ(ಸ)ರವರು ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆಂದು ಮದ್ರಸದ ಮಕ್ಕಳಿಗೂ ಗೊತ್ತು. ಕೈತಪ್ಪಿ ಜೀವಹಾನಿಯಾದಾಗಲೂ ಮೃತನ ಮನೆಯವರಿಗೆ ದಿಯತ್ ಸಲ್ಲಬೇಕು, ಕಫ್ಫಾರ ಬೇರೆ ಇದೆ. ಆ ದಿಯತ್ತನ್ನು ಕೊಲೆಗೆ ಕಾರಣನಾದವನೊಬ್ಬನೇ ಹೊರಲಾರನೆಂದು ಅವನ ‘ಆಕಿಲಾ’, ಅಂದರೆ ತಂದೆಯ ಕಡೆಯ ಬಂಧುಗಳು, ಹಂಚಿಕೊಂಡು ಕಂತುಗಳಲ್ಲಿ ತೀರಿಸುವ ವ್ಯವಸ್ಥೆ ಶರೀಅತ್‌ನಲ್ಲಿತ್ತು. ಬಂಧುಗಳು ಕೂಡಬೇಕಾದುದು ಇದಕ್ಕಾಗಿ. ನ್ಯಾಯಮಂಡಳಿಯ ತೀರ್ಪಿಗೆ ವರ್ಷಗಳೇ ಹಿಡಿಯಬಹುದು. ಅಷ್ಟು ಕಾಲ ಕಾಲು ಮುರಿದು ಮಲಗಿದ ಕೂಲಿಯವನ ಮನೆಯ ಅಕ್ಕಿ, ಔಷಧಿ, ಮಕ್ಕಳ ಫೀಸು ಯಾರ ಲೆಕ್ಕದಲ್ಲಿದೆಯೆಂದು ಗಾಡಿಯ ಒಡೆಯರು ಈ ಜುಮುಅದ ಮೊದಲೇ ಆ ಮನೆಗೆ ಹೋಗಿ ಕೇಳಿ ಬರಲಿ.